‘ನಾಳೆ ಬಾ’ ಎಂದು ಬಾಗಿಲಿಗೆ ಬರೆದುಕೊಂಡ ಕಂಪನಿ: ಕ್ಯಾರಿಲಿಯನ್ ಮುಳುಗಿದ್ದು ಹೇಗೆ?

ನಮಸ್ಕಾರ. ವರ್ಷಗಟ್ಟಲೆ ಮುಗಿಯದಷ್ಟು ಕೆಲಸ ಕೈಯಲ್ಲಿದ್ದು, ಸರ್ಕಾರವೇ ಗಿರಾಕಿಯಾಗಿರುವಾಗ ಒಂದು ನಿರ್ಮಾಣ ಕಂಪನಿ ದಿವಾಳಿಯಾಗುವುದಾದರೂ ಹೇಗೆ ಎಂಬುದು ವೀಕ್ಷಕರು ಹಲವು ಬಾರಿ ಕೇಳಿರುವ ಪ್ರಶ್ನೆ. ಉತ್ತರಕ್ಕಾಗಿ ನಾನು ಬ್ರಿಟನ್ನಿನ ಕ್ಯಾರಿಲಿಯನ್ ಕಂಪನಿಯನ್ನು ಆರಿಸಿಕೊಂಡಿದ್ದೇನೆ. ಲಾರಿ ಕಂಪನಿಗಳು ಮುಳುಗುವ ಬಗೆಯನ್ನೂ ಕೊನೆಯಲ್ಲಿ ಚುಟುಕಾಗಿ ಹೇಳುತ್ತೇನೆ. ಅದು ಸತ್ತ ಮೇಲೆ ಅಲ್ಲಿನ ಸಂಸತ್ತಿನ ಸಮಿತಿಗಳೇ ಕುಳಿತು ಪೋಸ್ಟ್‌ಮಾರ್ಟಂ ನಡೆಸಿದ್ದರಿಂದ ಒಳಗಿನ ರೋಗವೆಲ್ಲ ದಾಖಲಾಗಿದೆ.

ಪರಿಚಯವನ್ನು ಬೇಗ ಮುಗಿಸುತ್ತೇನೆ. 1999ರಲ್ಲಿ ಟಾರ್ಮ್ಯಾಕ್ ಕಂಪನಿಯಿಂದ ಬೇರ್ಪಟ್ಟ ಕ್ಯಾರಿಲಿಯನ್, ಆಸ್ಪತ್ರೆ ಮತ್ತು ರಸ್ತೆಗಳನ್ನು ಕಟ್ಟುತ್ತಿತ್ತು. ಶಾಲೆಗಳಿಗೆ ಊಟ ಬಡಿಸುತ್ತಿತ್ತು. ಸೈನಿಕರ ಮನೆಗಳನ್ನೂ ಜೈಲುಗಳನ್ನೂ ದುರಸ್ತಿ ಮಾಡುತ್ತಿತ್ತು. ಸುಮಾರು 43,000 ಉದ್ಯೋಗಿಗಳು, ಸರಿಸುಮಾರು 450 ಸರ್ಕಾರಿ ಗುತ್ತಿಗೆಗಳು. 2016ರಲ್ಲಿ ಅದರ ವಹಿವಾಟು 520 ಕೋಟಿ ಪೌಂಡ್, ತೋರಿಸಿದ ಲಾಭ ಸುಮಾರು 14.7 ಕೋಟಿ ಪೌಂಡ್. ಅಂದರೆ ನೂರು ಪೌಂಡಿನ ಕೆಲಸಕ್ಕೆ ಮೂರು ಪೌಂಡೂ ಉಳಿಯುತ್ತಿರಲಿಲ್ಲ, ಅದೂ ಆ ಲೆಕ್ಕವನ್ನು ನಂಬಿದರೆ.

ಈಗ ನನಗೆ ಅತ್ಯಂತ ಪ್ರಿಯವಾದ ಭಾಗಕ್ಕೆ ಬರುತ್ತೇನೆ. ಇಲ್ಲಿ ಸ್ವಲ್ಪ ಹೆಚ್ಚು ಹೊತ್ತು ನಿಂತರೆ ಕ್ಷಮಿಸಿ. ರಾತ್ರಿ ಬಂದು ಬಾಗಿಲು ಬಡಿಯುವ ದೆವ್ವವನ್ನು ಸಾಗಹಾಕಲು ನಮ್ಮ ಊರುಗಳಲ್ಲಿ ಒಂದು ಕಾಲಕ್ಕೆ ಮನೆಮನೆಯ ಬಾಗಿಲಿನ ಮೇಲೆ ‘ನಾಳೆ ಬಾ’ ಎಂದು ಬರೆದಿರುತ್ತಿದ್ದುದನ್ನು ನಿಮ್ಮಲ್ಲಿ ಅನೇಕರು ನೋಡಿರಬಹುದು. ಅಕ್ಷರ ಬಲ್ಲ ಆ ದೆವ್ವ ಅದನ್ನು ಓದಿ ಹಿಂತಿರುಗುತ್ತದೆ, ಮರುದಿನ ಬಂದು ಮತ್ತೆ ಓದುತ್ತದೆ, ಮತ್ತೆ ಹಿಂತಿರುಗುತ್ತದೆ. ಕ್ಯಾರಿಲಿಯನ್ ಇದನ್ನೇ ತನಗೆ ಸರಕು ಮತ್ತು ಕೆಲಸಗಾರರನ್ನು ಒದಗಿಸುವ ಸಣ್ಣ ಕಂಪನಿಗಳ ಮುಂದೆ ಬರೆದುಕೊಂಡಿತು. ದೆವ್ವವಾದರೋ ದಿನವೊಂದರ ವಾಯಿದೆಗೆ ಒಪ್ಪುತ್ತಿತ್ತು. ಇಲ್ಲಿನ ವಾಯಿದೆ 120 ದಿನಗಳು. ಸಕಾಲದಲ್ಲಿ ಹಣ ಪಾವತಿಸುತ್ತೇವೆ ಎಂಬ ಸಂಹಿತೆಗೆ ಇದೇ ಕಂಪನಿ ಸಹಿ ಹಾಕಿತ್ತು ಎಂಬುದನ್ನು ಓದಿದಾಗ ನಾನು ಪುಟವನ್ನು ಎರಡನೆಯ ಸಲ ಓದಬೇಕಾಯಿತು.

ಅಷ್ಟು ಕಾಯಲಾಗದವರಿಗೆ ‘ಅರ್ಲಿ ಪೇಮೆಂಟ್ ಫೆಸಿಲಿಟಿ’ ಎಂಬ ದಾರಿಯಿತ್ತು. ಬಿಲ್ ಒಪ್ಪಿಗೆಯಾದ ಮೇಲೆ ಬ್ಯಾಂಕು ಒಂದಿಷ್ಟು ಹಣ ಮುರಿದುಕೊಂಡು ಉಳಿದದ್ದನ್ನು ಅವರಿಗೆ ಬೇಗ ಕೊಡುತ್ತಿತ್ತು, ಕ್ಯಾರಿಲಿಯನ್ ತಿಂಗಳುಗಳ ನಂತರ ಬ್ಯಾಂಕಿಗೆ ತೀರಿಸುತ್ತಿತ್ತು. ನಮ್ಮ ನಿಮ್ಮ ಭಾಷೆಯಲ್ಲಿ ಇದು ಬ್ಯಾಂಕಿನ ಸಾಲ. ಕಂಪನಿಯ ಲೆಕ್ಕದಲ್ಲಿ ಮಾತ್ರ ಅದು ಸಾಲದ ಸಾಲಿನಲ್ಲಿ ಕಾಣಿಸದೆ ‘ಇತರೆ ಬಾಕಿ’ ಎಂಬ ಮೂಲೆಯಲ್ಲಿ ಕುಳಿತಿತ್ತು. ಹೀಗೆ ಮರೆಯಾಗಿದ್ದ ಮೊತ್ತ 49.8 ಕೋಟಿ ಪೌಂಡ್‌ವರೆಗೆ ಇರಬಹುದೆಂದು ಕಂಪನಿಗಳ ಸಾಲ ತೀರಿಸುವ ಶಕ್ತಿಯನ್ನು ಅಳೆಯುವ ಮೂಡೀಸ್ ಸಂಸ್ಥೆ ಆಮೇಲೆ ಹೇಳಿತು. ಬ್ಯಾಂಕ್ ಸಾಲ ಮತ್ತು ಓವರ್‌ಡ್ರಾಫ್ಟ್ ಎಂದು ಲೆಕ್ಕಪತ್ರದಲ್ಲಿ ತೋರಿಸಿದ್ದು 14.8 ಕೋಟಿ ಮಾತ್ರ.

ಇಷ್ಟೊಂದು ಹಣ ಏಕೆ ಬೇಕಾಯಿತು? ಹೊಸ ಮನೆಯ ಮುಂಗಡದಲ್ಲಿ ಹಳೆಯ ಮನೆಯ ಸಿಮೆಂಟಿನ ಬಾಕಿ ತೀರಿಸುವ ಮೇಸ್ತ್ರಿಯನ್ನು ನೀವು ಬಲ್ಲಿರಾದರೆ ಉತ್ತರ ಅರ್ಧ ಸಿಕ್ಕಂತೆಯೇ. ಅಂಥವನು ಕೆಲಸ ನಿಲ್ಲಿಸುವಂತಿಲ್ಲ, ಆದ್ದರಿಂದ ಮುಂದಿನ ಟೆಂಡರನ್ನು ಕಡಿಮೆ ದರಕ್ಕಾದರೂ ಹಿಡಿಯಲೇಬೇಕು. ಲಿವರ್‌ಪೂಲಿನ ಆಸ್ಪತ್ರೆ, ಅಬರ್ಡೀನಿನ ಬೈಪಾಸ್ ರಸ್ತೆ, ಕತಾರಿನ ಮ್ಶೆರೆಬ್ ಎಂಬ ಕಟ್ಟಡ ಯೋಜನೆ, ಇವುಗಳಲ್ಲಿ ಖರ್ಚು ಕೈಮೀರಿತು. ದೊಡ್ಡ ಕಾಮಗಾರಿಯ ಲಾಭವನ್ನು ಕೆಲಸ ಮುಗಿಯುವ ಮೊದಲೇ, ಎಷ್ಟು ಪಾಲು ಮುಗಿದಿದೆ ಎಂಬ ಅಂದಾಜಿನ ಮೇಲೆ ಬರೆದುಕೊಳ್ಳಲು ಲೆಕ್ಕಶಾಸ್ತ್ರ ಅವಕಾಶ ಕೊಡುತ್ತದೆ. ಗಿರಾಕಿ ಇನ್ನೂ ಒಪ್ಪದ ಹೆಚ್ಚುವರಿ ಬಿಲ್ಲನ್ನೂ ಆದಾಯವೆಂದು ಎಣಿಸಿಬಿಟ್ಟರೆ ಕಾಗದದ ಮೇಲೆ ಲಾಭ, ಪೆಟ್ಟಿಗೆಯಲ್ಲಿ ಗಾಳಿ.

2017ರ ಜೂನ್‌ನಲ್ಲಿ ಷೇರುದಾರರಿಗೆ 5.5 ಕೋಟಿ ಪೌಂಡ್ ಲಾಭಾಂಶ ಹಂಚಲಾಯಿತು. ಮರು ತಿಂಗಳ 10ರಂದು, ಗುತ್ತಿಗೆಗಳಲ್ಲಿ 84.5 ಕೋಟಿ ಪೌಂಡ್ ಕೊಚ್ಚಿಹೋಗಿದೆ ಎಂದು ಅದೇ ಕಂಪನಿ ಘೋಷಿಸಿತು. ಷೇರಿನ ಬೆಲೆ ಮೂರೇ ದಿನಗಳಲ್ಲಿ ಸುಮಾರು ಶೇ 70ರಷ್ಟು ಬಿದ್ದಿತು. 2018ರ ಜನವರಿ 15ರ ಸೋಮವಾರ ಕ್ಯಾರಿಲಿಯನ್ ಲಿಕ್ವಿಡೇಷನ್‌ಗೆ, ಅಂದರೆ ಬಾಗಿಲು ಮುಚ್ಚಿ ಆಸ್ತಿ ಮಾರಿ ಸಾಲ ತೀರಿಸುವ ಹಂತಕ್ಕೆ, ಹೋದಾಗ ತೀರಿಸಬೇಕಾದ ಹೊರೆ ಸುಮಾರು 700 ಕೋಟಿ ಪೌಂಡ್, ಕೈಯಲ್ಲಿದ್ದ ನಗದು 2.9 ಕೋಟಿ ಪೌಂಡ್. 19 ವರ್ಷ ಲೆಕ್ಕ ತಪಾಸಣೆ ಮಾಡಿ, ಒಮ್ಮೆಯೂ ಆಕ್ಷೇಪಣೆಯ ಟಿಪ್ಪಣಿ ಬರೆಯದ ಕೆಪಿಎಂಜಿ ಸಂಸ್ಥೆ ಅಷ್ಟೂ ವರ್ಷಗಳಿಗೆ ಪಡೆದ ಶುಲ್ಕವೂ ಸರಿಯಾಗಿ 2.9 ಕೋಟಿ. ಇದು ಕಾಕತಾಳೀಯವೇ, ಆದರೆ ಹೇಳದೆ ಇರಲಾಗಲಿಲ್ಲ. 2023ರಲ್ಲಿ ಆ ಸಂಸ್ಥೆಗೆ 2.1 ಕೋಟಿ ಪೌಂಡ್ ದಂಡ ಬಿತ್ತು. ಬಾಗಿಲಲ್ಲಿ ಕಾದಿದ್ದ ಸುಮಾರು 30,000 ಸರಬರಾಜುದಾರರಿಗೆ ಬರಬೇಕಿದ್ದದ್ದು ಹತ್ತಿರಹತ್ತಿರ 200 ಕೋಟಿ.

ಲಾರಿ ಕಂಪನಿಗಳ ಕತೆಗೆ ಸಮಯ ಕಡಿಮೆಯಿದೆ, ಒಂದೇ ಉದಾಹರಣೆ ಸಾಕು. ಅಮೆರಿಕದ ಯೆಲ್ಲೋ ಕಂಪನಿ 2003ರಲ್ಲಿ ರೋಡ್‌ವೇ, 2005ರಲ್ಲಿ ಯುಎಸ್‌ಎಫ್ ಎಂಬ ಬೇರೆ ಲಾರಿ ಕಂಪನಿಗಳನ್ನು ಕೊಂಡು, ಆ ಸಾಲದ ಭಾರದಿಂದ ಕೊನೆಗೂ ಚೇತರಿಸಿಕೊಳ್ಳಲಿಲ್ಲ. 2020ರಲ್ಲಿ ಸರ್ಕಾರ ಕೊಟ್ಟ 70 ಕೋಟಿ ಡಾಲರ್ ಸಾಲವೂ ಉಸಿರನ್ನಷ್ಟೇ ಉಳಿಸಿತು. 2023ರ ಜುಲೈನಲ್ಲಿ ಕಾರ್ಮಿಕರ ಪಿಂಚಣಿ ಕಂತು ತಪ್ಪಿ, ಮುಷ್ಕರದ ಸುದ್ದಿ ಹಬ್ಬಿತು. ತಮ್ಮ ಸರಕು ದಾರಿಯಲ್ಲೇ ಸಿಕ್ಕಿಬೀಳಬಾರದೆಂದು ಗಿರಾಕಿಗಳು ಬೇರೆ ಲಾರಿಗಳನ್ನು ಹಿಡಿದರು. ಸಾಗಣೆ ಕಂಪನಿಗೆ ಬಾಡಿಗೆ ನಿಂತರೂ ಸಂಬಳದ ಲೆಕ್ಕ ನಿಲ್ಲುವುದಿಲ್ಲ. ಜುಲೈ ಮುಗಿಯುವ ಮೊದಲೇ ಲಾರಿಗಳು ನಿಂತವು. ಸುಮಾರು 30,000 ಮಂದಿ ಕೆಲಸ ಕಳೆದುಕೊಂಡರು. ವಿಚಿತ್ರವೆಂದರೆ ಅದರ ಬಳಿ ಆಸ್ತಿ ಇಲ್ಲದಿರಲಿಲ್ಲ. ಮುಚ್ಚಿದ ಕೆಲವೇ ತಿಂಗಳುಗಳಲ್ಲಿ ಸರಕು ಇಳಿಸಿ ಏರಿಸುವ ಅದರ ಸುಮಾರು 130 ಟರ್ಮಿನಲ್‌ಗಳು ಹರಾಜಿನಲ್ಲಿ 188 ಕೋಟಿ ಡಾಲರಿಗೆ ಹೋದವು, ಸರ್ಕಾರದ ಸಾಲವೂ ತೀರಿತು. ಕೊಂಡವರಲ್ಲಿ ಎಕ್ಸ್‌ಪಿಒ, ಎಸ್ಟೆಸ್, ಸಾಯಾ ಇದ್ದರು. ಮೂವರೂ ಅದೇ ರಸ್ತೆಯಲ್ಲಿ ಅದರ ಜೊತೆ ಪೈಪೋಟಿಗೆ ಬಿದ್ದಿದ್ದ ಲಾರಿ ಕಂಪನಿಗಳು.