ಜೋರಾಗಿ ತಿಕ್ರಿ ಅನ್ನುವ ಮುಂಚೆ

ಕೇಳುಗರಿಗೆ ನಮಸ್ಕಾರ.

ನಾನು ಹುಬ್ಬಳ್ಳಿಯಲ್ಲಿ ಮಾಲೀಸು ಮಾಡುವವನು. ದಿನಕ್ಕೆ ನಾಲ್ಕೈದು ಬೆನ್ನು ನನ್ನ ಕೈಗೆ ಬರುತ್ತವೆ. ಕೆಲವರ ಗುರುತು ಮುಖಕ್ಕಿಂತ ಬೆನ್ನಿನಿಂದಲೇ ಸಿಗುತ್ತದೆ ಅಂದರೆ ನಗಬೇಡಿ. ಬೆಟಗೇರಿಯ ನೇಕಾರರಿಗೆ ಹೆಗಲು ಬಿಗಿದಿರುತ್ತದೆ. ಬಸ್ಸು ಓಡಿಸುವವರಿಗೆ ಟೊಂಕ. ಕಂಪ್ಯೂಟರ್ ಮುಂದೆ ಕೂರುವ ಹುಡುಗರಿಗೆ ಕುತ್ತಿಗೆಯ ಬುಡದಲ್ಲಿ ಎರಡು ಗಂಟು, ಅಡಿಕೆ ಇಟ್ಟ ಹಾಗೆ.

ಮೈ ಬೇರೆ ಬೇರೆ. ಆದರೆ ಮೇಜಿನ ಮೇಲೆ ಮಲಗಿದ ಕೂಡಲೇ ಬಹಳ ಮಂದಿಯ ಮಾತು ಒಂದೇ. "ಜೋರಾಗಿ ತಿಕ್ರಿ. ಕೊಟ್ಟ ರೊಕ್ಕ ವಸೂಲಾಗ್ಬೇಕ ನೋಡ್ರಿ."

ಈ ಮಾತು ಗರಡಿ ಮನೆಯಿಂದ ಬಂದದ್ದು ಅಂತ ನನ್ನ ಲೆಕ್ಕ. ನಾನೂ ಮೊದಲು ಕೈ ಪಳಗಿಸಿಕೊಂಡದ್ದು ಅಲ್ಲೇ. ಸಾಮು ಮುಗಿದ ಮೇಲೆ ಪೈಲ್ವಾನರು ಒಬ್ಬರ ಮೈ ಒಬ್ಬರು ತಿಕ್ಕುತ್ತಿದ್ದರು. ಮೊಣಕೈ ಊರಿ ತಿಕ್ಕಿದರೂ ಆ ಮೈ ತಡೆಯುತ್ತಿತ್ತು. ದಿನಾ ದಂಡ, ಬೈಠಕ್ ಹೊಡೆದ ಮೈ ಅದು. ಎಂಟು ತಾಸು ಕುರ್ಚಿಯಲ್ಲಿ ಕೂತ ಮೈಗೆ ಅದೇ ಒತ್ತು ಹಾಕಿದರೆ ಹೇಗೆ?

ಒತ್ತು ಜಾಸ್ತಿ ಆದಾಗ ಏನಾಗುತ್ತದೆ ಅಂತ ನನ್ನ ಹೆಬ್ಬೆರಳಿಗೆ ಗೊತ್ತು. ಹೆಗಲ ಮೇಲೆ ಮೆಲ್ಲಗೆ ಇಳಿಯುತ್ತಾ ಹೋದರೆ ಜಾಗ ನಾದಿದ ಹಿಟ್ಟಿನ ಹಾಗೆ ದಾರಿ ಕೊಡುತ್ತದೆ. ಒಂದು ಹಂತ ದಾಟಿ ಒತ್ತಿದೆನೋ, ಮಲಗಿದವರು ಉಸಿರು ಹಿಡಿಯುತ್ತಾರೆ. ಹಲ್ಲು ಕಚ್ಚುತ್ತಾರೆ. ಅದೇ ಜಾಗ ಹಲಗೆಯಾಗುತ್ತದೆ. ಸ್ನಾಯು ತನ್ನನ್ನು ಕಾಪಾಡಿಕೊಳ್ಳಲು ಬಿಗಿಯಾಗುತ್ತದೆ, ಅಷ್ಟೇ. ಆಮೇಲೆ ನಾನು ತಿಕ್ಕುವುದೂ ದಂಡ, ನಿಮ್ಮ ರೊಕ್ಕವೂ ದಂಡ.

ನೀವು ಬೋರಲು ಮಲಗಿ ಮೇಜಿನ ತೂತಿನಲ್ಲಿ ಮುಖ ಇಟ್ಟಿರುತ್ತೀರಿ. ನಿಮಗೆ ಕಾಣುವುದು ನನ್ನ ಪಾದ ಮಾತ್ರ. ನನಗೂ ನಿಮ್ಮ ಮುಖ ಕಾಣುವುದಿಲ್ಲ. ಬಾಯಿ ಬಿಟ್ಟು ಹೇಳದಿದ್ದರೆ ನೋವು ಎಷ್ಟು ಅಂತ ನನಗೆ ಹೇಗೆ ತಿಳಿಯಬೇಕು? ತಡೆಯಲಾಗದ ನೋವು ಹದಿನಾರಾಣೆ ಅಂದುಕೊಳ್ಳಿ. ಹತ್ತಾಣೆ ದಾಟಿದರೆ "ಸ್ವಲ್ಪ ಕಡಿಮೆ" ಅನ್ನಿ. ನಾನೇನೂ ಬೇಜಾರು ಮಾಡಿಕೊಳ್ಳುವುದಿಲ್ಲ. ಕೆಲವರು ನನಗೆ ಬೇಜಾರಾದೀತು ಅಂತಲೇ ಒಂದು ತಾಸು ಸುಮ್ನೆ ನರಳಿ, ಎದ್ದು "ಛಲೋ ಆತ್ರಿ" ಅಂತ ಹೋಗುತ್ತಾರೆ. ಮತ್ತೆ ಬರುವುದಿಲ್ಲ!

ಇನ್ನು, ಮಲಗುವ ಮುಂಚೆಯೇ ಹೇಳಬೇಕಾದ ಮಾತಿದೆ. ಒಬ್ಬರು ಮಾಸ್ತರರು ಬಂದಿದ್ದರು, ಇಡೀ ರಾತ್ರಿ ಬಸ್ಸಿನಲ್ಲಿ ಕೂತು. "ಮೀನಖಂಡ ಹಿಡ್ಕೊಂಡದ, ಗಟ್ಟಿಯಾಗಿ ತಿಕ್ಕಿ ಬಿಡಪ್ಪ" ಅಂದರು. ನೋಡಿದೆ. ಒಂದೇ ಕಾಲು ಬಾತಿತ್ತು. ಕೈ ಇಟ್ಟರೆ ಬಿಸಿ. ನಾನು ಕೈ ತೆಗೆದುಬಿಟ್ಟೆ. "ಸರ್, ಇದನ್ನ ನಾ ಮುಟ್ಟಂಗಿಲ್ಲ, ಈಗ ದವಾಖಾನಿಗೆ ಹೋಗ್ರಿ" ಅಂದೆ. ಅವರಿಗೆ ಸಿಟ್ಟು ಬಂತು. ಸಂಜೆ ಅವರ ಮಗ ಫೋನ್ ಮಾಡಿದ. ಕಾಲಿನ ಒಳನರದಲ್ಲಿ ರಕ್ತ ಹೆಪ್ಪುಗಟ್ಟಿತ್ತಂತೆ. ಅಂಥ ಕಾಲನ್ನು ತಿಕ್ಕಿದರೆ ಆ ಹೆಪ್ಪು ಬಿಟ್ಟುಕೊಂಡು ಶ್ವಾಸಕೋಶಕ್ಕೆ ಹೋಗಿ ಸಿಕ್ಕಿಕೊಳ್ಳಬಹುದು. ಜೀವಕ್ಕೇ ಅಪಾಯ.

ಅದಕ್ಕೇ ಕೇಳುವುದು. ರಕ್ತ ತೆಳುವಾಗುವ ಗುಳಿಗೆ ತಗೊಳ್ತೀರಾ? ಹಾಗಿದ್ದರೆ ಸ್ವಲ್ಪ ಒತ್ತಿದರೂ ಚರ್ಮ ನೀಲಿಗಟ್ಟುತ್ತದೆ. ಸಕ್ಕರೆ ಕಾಯಿಲೆಯಿಂದ ಪಾದ ಜೋಮು ಹಿಡಿದಿದೆಯಾ? ನೋವೇ ತಿಳಿಯದ ಪಾದ ಹತ್ತಾಣೆ, ಹದಿನಾರಾಣೆ ಹೇಗೆ ಹೇಳೀತು? ಬಿ.ಪಿ., ಬಸಿರು, ಈಚಿನ ಆಪರೇಷನ್, ಯಾವುದನ್ನೂ ಮುಚ್ಚಿಡಬೇಡಿ. ಶೇಂಗಾ, ಎಳ್ಳು ಮೈಗೆ ಒಗ್ಗದಿದ್ದರೆ ಎಣ್ಣೆ ಯಾವುದು ಅಂತ ನೀವೇ ಕೇಳಿ. ಜ್ವರ ಇದ್ದರೆ ಬರಲೇಬೇಡಿ, ಇನ್ನೊಂದು ದಿನ ನೋಡೋಣ.

ಒಂದು ತಾಸಿನಲ್ಲಿ ತಲೆಯಿಂದ ಪಾದದವರೆಗೆ ಎಲ್ಲವೂ ಆಗಬೇಕು ಅಂದರೆ ಎಲ್ಲದಕ್ಕೂ ಸುಮ್ನೆ ಎಣ್ಣೆ ಸವರಿದ ಹಾಗೆ ಆಗುತ್ತದೆ. ಟೊಂಕ ನೋಯುತ್ತಿದ್ದರೆ ಟೊಂಕಕ್ಕೇ ಅರ್ಧ ತಾಸು ಕೊಡಿ. ರೊಟ್ಟಿ, ಎಣಗಾಯಿ ಗಡದ್ದಾಗಿ ಉಂಡು ಬೋರಲು ಮಲಗಬೇಡಿ, ಒಂದೂವರೆ ಎರಡು ತಾಸು ಬಿಡಲಿ. ಹತ್ತು ನಿಮಿಷ ಮುಂಚೆ ಬಂದು, ಮೂತ್ರಕ್ಕೆ ಹೋಗಿ, ಫೋನ್ ಬಂದ್ ಮಾಡಿ. ಬಟ್ಟೆ ಎಷ್ಟು ತೆಗೆಯಬೇಕು ಅನ್ನುವುದು ನಿಮ್ಮ ಇಷ್ಟ. ತಿಕ್ಕುವ ಭಾಗ ಬಿಟ್ಟು ಉಳಿದದ್ದಕ್ಕೆ ಹೊದಿಕೆ ಇರಬೇಕು. ಅಕ್ಕಂದಿರು ಹೆಣ್ಣುಮಗಳೇ ಬೇಕು ಅಂತ ಮೊದಲೇ ಕೇಳಿ, ಅದರಲ್ಲಿ ಸಂಕೋಚ ಏನು?

ಆಯುರ್ವೇದದ ಅಭ್ಯಂಗದ ದಾರಿಯೇ ಬೇರೆ. ನಮ್ಮ ಹುಬ್ಬಳ್ಳಿಯ ಹೆಗ್ಗೇರಿಯಲ್ಲಿ ಆಯುರ್ವೇದ ಕಾಲೇಜಿದೆ, ಗದಗಿನಲ್ಲೂ ಇದೆ. ಅಭ್ಯಂಗದಲ್ಲಿ ಬೆಚ್ಚಗಿನ ಎಣ್ಣೆಯೇ ಮುಖ್ಯ, ಒತ್ತು ಹಗುರ. ಅಲ್ಲಿ ಹೋಗಿ "ಜೋರಾಗಿ ತಿಕ್ರಿ" ಅನ್ನುವುದು ಚಹಾ ಅಂಗಡಿಯಲ್ಲಿ ಖಾರದ ಚುರುಮುರಿ ಗಿರ್ಮಿಟ್ಟಿಗೆ ಸಕ್ಕರೆ ಕೇಳಿದ ಹಾಗೆ.

ಮತ್ತೆ ಕಟ್ಟಿಂಗ್ ಅಂಗಡಿಯ ಚಂಪಿ ಬಗ್ಗೆ ಒಂದು ಮಾತು. ತಲೆ ತಟ್ಟುವುದು ಹಿತವೇ, ನಾನೂ ಮಾಡಿಸಿಕೊಳ್ಳುತ್ತೇನೆ. ಕೊನೆಗೆ ಕುತ್ತಿಗೆಯನ್ನು ಲಟಕ್ ಅಂತ ತಿರುವುತ್ತಾರಲ್ಲ, ಅದು ಮಾತ್ರ ಬೇಡ ಅನ್ನಿ. ಮಿದುಳಿಗೆ ರಕ್ತ ಒಯ್ಯುವ ನಾಳ ಅಲ್ಲೇ ಹಾದುಹೋಗುತ್ತದೆ. ಆ ನಾಳದ ಒಳಗೋಡೆ ಸೀಳಿ ಲಕ್ವ ಹೊಡೆದದ್ದೂ ಉಂಟು.

ಮಾಲೀಸು ಮುಗಿದ ಮೇಲೆ ದಡಕ್ಕನೆ ಏಳಬೇಡಿ, ತಲೆ ತಿರುಗುತ್ತದೆ. ಮಗ್ಗುಲಾಗಿ, ಎದ್ದು ಕೂತು, ಒಂದೆರಡು ನಿಮಿಷ ಬಿಟ್ಟು ಇಳಿಯಿರಿ. ಪಾದಕ್ಕೆ ಎಣ್ಣೆ, ಕೆಳಗೆ ಟೈಲ್ಸ್, ನೆನಪಿರಲಿ. ನೀರಡಿಕೆಯಾದರೆ ನೀರು ಕುಡಿಯಿರಿ. ಆದರೆ ಮೈಯೊಳಗಿನ ವಿಷವೆಲ್ಲ ಹೊರಗೆ ಬರುತ್ತದೆ ಅಂತ ಯಾರಾದರೂ ಹೇಳಿದರೆ ನಂಬಬೇಡಿ. ಆ ಕೆಲಸ ಲಿವರ್, ಕಿಡ್ನಿಗಳದ್ದು, ನನ್ನದಲ್ಲ. ಒಂದೆರಡು ದಿನ ಮೈ ಸ್ವಲ್ಪ ನೋಯಬಹುದು. ಅದಕ್ಕೂ ಜಾಸ್ತಿ ಆದರೆ, ಕೈಕಾಲು ಜೋಮು ಹಿಡಿದರೆ, ಮತ್ತೆ ಮಾಲೀಸು ಬೇಡ, ಡಾಕ್ಟರನ್ನು ನೋಡಿ.

ಆ ಮಾಸ್ತರರು ಈಗಲೂ ಬರುತ್ತಾರೆ. ಡಾಕ್ಟರು ಒಪ್ಪಿದ ಮೇಲೆ, ಹೆಗಲಿಗೆ ಮಾತ್ರ, ಮೆಲ್ಲಗೆ. ಮಲಗುವ ಮುಂಚೆ ಗುಳಿಗೆಯ ಚೀಟಿಯನ್ನು ನನ್ನ ಕೈಗಿಟ್ಟು, "ಮೊದಲ ಇದನ್ನ ಓದು, ಆಮ್ಯಾಲೆ ಎಣ್ಣಿ ಹಚ್ಚು" ಅನ್ನುತ್ತಾರೆ. ಮಾಸ್ತರರಲ್ವಾ, ಅಕ್ಷರ ತಪ್ಪಿ ಓದಿದರೆ ತಿದ್ದುತ್ತಾರೆ ಕೂಡ.

ನಮಸ್ಕಾರ.