ಮೈಬಣ್ಣ: ಫಿಲ್ಮಿನಲ್ಲಿ ಮತ್ತು ಡಿಜಿಟಲ್‌ನಲ್ಲಿ

ಕೇಳುಗರಿಗೆ ನಮಸ್ಕಾರ.

ಡಿಜಿಟಲ್ ಕ್ಯಾಮೆರಾದಲ್ಲಿ ತೆಗೆದ ಮುಖಚಿತ್ರವೊಂದನ್ನು ಹಿಗ್ಗಿಸಿ, ಹಣೆಯನ್ನಷ್ಟೇ ನೋಡಿ. ಬೆಳಕು ನೇರವಾಗಿ ಬಿದ್ದ ಕಡೆ ಬಿಳಿಚಿದ ಒಂದು ತೇಪೆ, ತೇಪೆಯ ಸುತ್ತ ಹಳದಿ ಅಂಚು, ಅದನ್ನು ದಾಟಿದ ಕೂಡಲೇ ಮೈಬಣ್ಣ. ಕಲರ್ ನೆಗೆಟಿವ್ ಫಿಲ್ಮಿನಿಂದ ಮಾಡಿದ ಪ್ರಿಂಟಿನಲ್ಲಿ ಇಂಥದೇ ಹಣೆ ಹೊಳಪಿನಿಂದ ನೆರಳಿಗೆ ಮೆಲ್ಲಗೆ ಇಳಿಯುತ್ತದೆ. ಫಿಲ್ಮಿನ ಮೈಬಣ್ಣವೇ ಚೆಂದ ಎನ್ನುವವರು ಬಹುಮಟ್ಟಿಗೆ ಮೆಚ್ಚಿರುವುದು ಈ ಇಳಿಜಾರನ್ನು.

ಹಳದಿ ಅಂಚು ಎಲ್ಲಿಂದ ಬಂತು? ಎಣ್ಣೆಗಪ್ಪಿರಲಿ, ಎಣ್ಣೆಗೆಂಪಿರಲಿ, ಬಿಳಿಯಿರಲಿ, ಮೈಬಣ್ಣದಲ್ಲಿ ಕೆಂಪಿನ ಪಾಲು ಹೆಚ್ಚು, ಆಮೇಲೆ ಹಸಿರು, ಕೊನೆಗೆ ನೀಲಿ. ಎಕ್ಸ್‌ಪೋಷರ್, ಅಂದರೆ ಕ್ಯಾಮೆರಾದೊಳಗೆ ಬಿಡುವ ಬೆಳಕು, ಏರಿದಂತೆ ಕೆಂಪು ಚಾನೆಲ್ ಮೊದಲು ತನ್ನ ಗರಿಷ್ಠ ಅಂಕವಾದ 255ಕ್ಕೆ ಮುಟ್ಟಿ ನಿಂತುಬಿಡುತ್ತದೆ. ಹಸಿರು ಇನ್ನೂ ಏರುತ್ತಲೇ ಇರುತ್ತದೆ. ನಿಂತ ಕೆಂಪಿಗೆ ಏರುವ ಹಸಿರು ಸೇರಿದರೆ ಹಳದಿಯೇ. ನೆಗೆಟಿವ್ ಫಿಲ್ಮಿನಲ್ಲಿ ಹೀಗೆ ಥಟ್ಟನೆ ನಿಲ್ಲುವ ಗಡಿಯಿಲ್ಲ; ಬೆಳಕು ಹೆಚ್ಚಾದಷ್ಟೂ ಅದರ ಏರಿಕೆ ನಿಧಾನವಾಗುತ್ತದೆ. ಅದಕ್ಕೇ 400 ಐಎಸ್‌ಒ ನೆಗೆಟಿವ್ ರೀಲನ್ನು 200 ಎಂದು ಎಣಿಸಿ, ಒಂದು ಸ್ಟಾಪ್ ಹೆಚ್ಚು, ಅಂದರೆ ಎರಡು ಪಟ್ಟು, ಬೆಳಕು ಕೊಡುವ ರೂಢಿ ಬೆಳೆಯಿತು. ಅದೇ ರೂಢಿಯನ್ನು ಡಿಜಿಟಲ್‌ಗೆ ತಂದರೆ ಚಿತ್ರದಲ್ಲಿ ಹಣೆ ಸುಟ್ಟು ಬಿಳಿಚುತ್ತದೆ. ನೆಗೆಟಿವ್ ಇಲ್ಲದೆ ಫಿಲ್ಮಿನ ಮೇಲೇ ಚಿತ್ರ ಮೂಡುವ ಸ್ಲೈಡ್ ಫಿಲ್ಮಿನಲ್ಲಿ ಕೆಲಸ ಮಾಡಿದವರಿಗೆ ಈ ಶಿಸ್ತು ಹೊಸದಲ್ಲ. ಅಲ್ಲೂ ಅರ್ಧ ಸ್ಟಾಪ್ ತಪ್ಪಿದರೆ ಮುಖ ಬಿಳಿಚುತ್ತಿತ್ತು.

ಆದ್ದರಿಂದ ಕ್ಯಾಮೆರಾದಲ್ಲಿ ಒಂದೇ ಗೆರೆಯ ಹಿಸ್ಟೋಗ್ರಾಮನ್ನು, ಅಂದರೆ ಚಿತ್ರದ ಕತ್ತಲೆ-ಬೆಳಕಿನ ಹಂಚಿಕೆ ತೋರಿಸುವ ನಕ್ಷೆಯನ್ನು, ನಂಬಬೇಡಿ. ಮೂರೂ ಬಣ್ಣ ಬೇರೆಬೇರೆ ಕಾಣುವ ಹಿಸ್ಟೋಗ್ರಾಮ್ ಹಾಕಿಕೊಳ್ಳಿ, ಮುಖದ ಕೆಂಪು ಬಲ ಅಂಚಿಗೆ ಒತ್ತದಂತೆ ನೋಡಿಕೊಳ್ಳಿ. ಹಳದಿ ಬಲ್ಬಿನ ಬೆಳಕಿನಲ್ಲಂತೂ ಇದು ಕಡ್ಡಾಯ. ಜೆಪೆಗ್ ಬದಲು ಕ್ಯಾಮೆರಾ ಸಂಸ್ಕರಿಸದ ರಾ ಫೈಲ್ ಇಟ್ಟುಕೊಳ್ಳಿ. ಅದರ 12 ಅಥವಾ 14 ಬಿಟ್ ಮಾಹಿತಿಯಲ್ಲಿ ತಿದ್ದಲು ಜಾಗವಿರುತ್ತದೆ.

ಬೆಳಕು ಅಳೆಯುವ ಮೀಟರ್ ಎದುರಿಗಿರುವ ಎಲ್ಲವನ್ನೂ ನಡುಬೂದು ಎಂದೇ ಓದುತ್ತದೆ. ಚಿಕ್ಕ ಜಾಗವನ್ನಷ್ಟೇ ಅಳೆಯುವ ಸ್ಪಾಟ್ ಮೀಟರನ್ನು ಕಪ್ಪು ಮುಖದ ಮೇಲೆ ಇಟ್ಟರೆ ಅದು ಸೂಚಿಸುವ ಬೆಳಕು ಹೆಚ್ಚಾಗುತ್ತದೆ, ಸುಮಾರು ಒಂದು ಸ್ಟಾಪ್ ಇಳಿಸಬೇಕು. ಬಿಳಿ ಮುಖಕ್ಕೆ ಒಂದು ಸ್ಟಾಪ್ ಏರಿಸಬೇಕು. ಇಳಿಸುವಾಗ ಅತಿಯಾಗದಿರಲಿ. ಬೆಳಕು ಸಾಲದ ಕಪ್ಪು ಮುಖವನ್ನು ಕಂಪ್ಯೂಟರಿನಲ್ಲಿ ಎತ್ತಿದರೆ ಕೆನ್ನೆಯ ನೆರಳಿನಲ್ಲಿ ಕಾಳುಕಾಳಾಗಿ ನಾಯ್ಸ್ ಏಳುತ್ತದೆ, ಬಣ್ಣ ಬೂದಿ ಬಳಿದಂತಾಗುತ್ತದೆ. ಕಪ್ಪು ಚರ್ಮದ ಉಬ್ಬುತಗ್ಗು ಕಾಣುವುದು ಹೆಚ್ಚಾಗಿ ಅದರ ಹೊಳಪಿನಿಂದ. ಕಿಟಕಿಯಂಥ ಅಗಲವಾದ ಬೆಳಕನ್ನು ಪಕ್ಕದಿಂದ ಕೊಡಿ, ಮುಖ ತಾನೇ ಅರಳುತ್ತದೆ.

ಬೆಳಕಿನ ಬಣ್ಣ ಏನೇ ಇರಲಿ ಬಿಳಿಯನ್ನು ಬಿಳಿಯಾಗಿಯೇ ತೋರಿಸುವ ವೈಟ್ ಬ್ಯಾಲೆನ್ಸ್‌ಗೆ ಬರೋಣ. ಗ್ರೇ ಕಾರ್ಡನ್ನು ಮುಖದ ಪಕ್ಕದಲ್ಲಿ, ಮುಖ ತಿರುಗಿರುವ ದಿಕ್ಕಿಗೇ ತಿರುಗಿಸಿ ಹಿಡಿದು ಒಂದು ಚಿತ್ರ ತೆಗೆಯಿರಿ. ಆಮೇಲೆ ಸಾಫ್ಟ್‌ವೇರಿನಲ್ಲಿ ಬಣ್ಣ ಆಯುವ ಡ್ರಾಪರ್‌ನಿಂದ ಆ ಕಾರ್ಡನ್ನು ಒತ್ತಿ, ಬಂದ ಅಳತೆಯನ್ನು ಅದೇ ಬೆಳಕಿನ ಉಳಿದ ಚಿತ್ರಗಳಿಗೂ ಹಾಕಿ. ಕಾರ್ಡ್ ಬದಲು ಬಿಳಿ ಅಂಗಿಯನ್ನು ಒತ್ತಬೇಡಿ. ಬಟ್ಟೆಗೆ ಸೇರಿಸಿದ ಬಿಳುಪು ಹೆಚ್ಚಿಸುವ ರಾಸಾಯನಿಕ ಅತಿನೇರಳೆ ಕಿರಣವನ್ನು ನೀಲಿಯಾಗಿಸಿ ಹೊಮ್ಮಿಸುತ್ತದೆ. ಅದನ್ನು ಬಿಳಿ ಎಂದುಕೊಂಡರೆ ಮುಖ ಹಳದಿಗೆ ವಾಲುತ್ತದೆ. ಆಟೋ ವೈಟ್ ಬ್ಯಾಲೆನ್ಸ್ ಕೂಡ ಮೋಸ ಹೋಗುತ್ತದೆ. ಚೌಕಟ್ಟಿನ ತುಂಬ ಕೆಂಪು ಬಟ್ಟೆಯಿದ್ದರೆ ಬೆಳಕೇ ಕೆಂಪು ಎಂದು ತಿಳಿದು ಮುಖದ ಕೆಂಪನ್ನೂ ಕಳೆಯುತ್ತದೆ.

ಬೆಳಕಿನಲ್ಲೇ ಇಲ್ಲದ ಬಣ್ಣವನ್ನು ಯಾವ ಸಾಫ್ಟ್‌ವೇರೂ ತಂದುಕೊಡದು. ಎಲ್‌ಇಡಿ ದೀಪದ ಪೆಟ್ಟಿಗೆಯ ಮೇಲಿನ ಸಿಆರ್‌ಐ ಅಂಕ, ಅಂದರೆ ದೀಪ ಬಣ್ಣಗಳನ್ನು ಎಷ್ಟು ನಿಜವಾಗಿ ತೋರಿಸುತ್ತದೆ ಎಂಬುದರ ಅಳತೆ, ಎಂಟು ತಿಳಿಬಣ್ಣಗಳ ಸರಾಸರಿ. ಮೈಬಣ್ಣಕ್ಕೆ ಮುಖ್ಯವಾದ ಗಾಢ ಕೆಂಪು, ಅಂದರೆ ಆರ್9, ಆ ಸರಾಸರಿಯಲ್ಲಿ ಸೇರಿಲ್ಲ. 80 ಅಂಕದ ದೀಪದಲ್ಲಿ ಆರ್9 ಸೊನ್ನೆಯ ಹತ್ತಿರ ಇರಬಹುದು, ಆಗ ತುಟಿಕೆನ್ನೆಗಳು ಸತ್ವ ಕಳೆದುಕೊಳ್ಳುತ್ತವೆ. ಕೊಳ್ಳುವಾಗ ಆರ್9 ಅಂಕವನ್ನೇ ಕೇಳಿ.

ಫಿಲ್ಮಿನ ಕಾಲದಲ್ಲಿ ಇಂಥ ಎಷ್ಟೋ ತೀರ್ಮಾನಗಳು ರೀಲು ಕೊಳ್ಳುವಾಗಲೇ ಮುಗಿಯುತ್ತಿದ್ದವು. 1998ರಲ್ಲಿ ಕೊಡಕ್ ಕಂಪನಿ ಪೋರ್ಟ್ರಾ ಎಂಬ ನೆಗೆಟಿವ್ ಫಿಲ್ಮ್ ತಂದಾಗ ಸೌಮ್ಯ ಬಣ್ಣಕ್ಕೆ ಎನ್‌ಸಿ, ಗಾಢ ಬಣ್ಣಕ್ಕೆ ವಿಸಿ ಎಂದು ಎರಡು ಬಗೆ ಸಿಗುತ್ತಿದ್ದವು. ಆದರೆ ಆ ಸಿದ್ಧ ಬಣ್ಣ ಎಲ್ಲ ಮುಖಗಳಿಗೂ ನ್ಯಾಯ ಮಾಡಿರಲಿಲ್ಲ. ಲ್ಯಾಬುಗಳು ಪ್ರಿಂಟಿನ ಬಣ್ಣ ಹೊಂದಿಸುತ್ತಿದ್ದ ಶರ್ಲಿ ಕಾರ್ಡುಗಳಲ್ಲಿ ದಶಕಗಳ ಕಾಲ ಇದ್ದದ್ದು ಬಿಳಿಯ ಮಹಿಳೆಯ ಚಿತ್ರ. ಆ ಅಳತೆಗೆ ಹೊಂದಿಸಿದಾಗ ಕಪ್ಪು ಮುಖದ ವಿವರಗಳು ಮಂಕಾದವು. ಹಾಗಾಗಿ ಫಿಲ್ಮಿನ ಬಣ್ಣವನ್ನೇ ಗುರಿಯಾಗಿ ಇಟ್ಟುಕೊಳ್ಳುವುದಕ್ಕೆ ನನ್ನ ಒಪ್ಪಿಗೆಯಿಲ್ಲ. ಅದರ ಇಳಿಜಾರನ್ನು ಕಲಿಯೋಣ, ಅಳತೆಯನ್ನು ನಾವೇ ಇಟ್ಟುಕೊಳ್ಳೋಣ.

ಆ ಅಳತೆ ಎಲ್ಲಿದೆ? ಬಣ್ಣ ಪರೀಕ್ಷಿಸುವ 24 ಚೌಕಗಳ ಕಲರ್‌ಚೆಕರ್ ಹಲಗೆಯಲ್ಲಿ ಮೊದಲ ಎರಡು ಚೌಕ ಮೈಬಣ್ಣದವು. ಕಪ್ಪು ಮೈಬಣ್ಣಕ್ಕೆ ಕೆಂಪು 115, ಹಸಿರು 82, ನೀಲಿ 68. ಬಿಳಿ ಮೈಬಣ್ಣಕ್ಕೆ 194, 150, 130. ಹೊಳಪಿನಲ್ಲಿ ಅಜಗಜಾಂತರ, ಆದರೆ ಇವೆರಡರ ಹ್ಯೂ, ಅಂದರೆ ಬಣ್ಣಚಕ್ರದಲ್ಲಿ ಆ ಬಣ್ಣದ ಜಾಗ, ಲೆಕ್ಕ ಹಾಕಿದರೆ ಒಂದು 18 ಡಿಗ್ರಿ, ಇನ್ನೊಂದು 19. ನಿಮ್ಮ ಚಿತ್ರದಲ್ಲಿ ಕೆನ್ನೆಯ ನಡುಬೆಳಕಿನ ಜಾಗದಲ್ಲಿ ಹ್ಯೂ ಓದಿ. 10ಕ್ಕಿಂತ ಕೆಳಗಿದ್ದರೆ ಮುಖ ಗುಲಾಬಿಗೆ ವಾಲಿದೆ, 30 ದಾಟಿದ್ದರೆ ಹಳದಿಗೆ. ಮೂಗಿನ ತುದಿ, ಕಿವಿ, ಬಣ್ಣ ಹಚ್ಚಿದ ತುಟಿ ಇವನ್ನು ಅಳೆಯಬೇಡಿ, ಅಲ್ಲಿ ಕೆಂಪು ಸಹಜವಾಗಿಯೇ ಹೆಚ್ಚು.

ಹ್ಯೂ ಸರಿಯಿದ್ದೂ ಮುಖ ಕಿತ್ತಳೆಯಾಗಿ ಕಂಡರೆ ಸಾಫ್ಟ್‌ವೇರಿನಲ್ಲಿ ಹೊಳಪು, ಕಾಂಟ್ರಾಸ್ಟ್ ತಿದ್ದುವ ಕರ್ವ್ಸ್ ನೋಡಿ. ಕಾಂಟ್ರಾಸ್ಟ್ ಏರಿಸಿದಾಗ ಬಣ್ಣದ ಗಾಢತೆಯೂ ಜೊತೆಗೇ ಏರಿರುತ್ತದೆ. ಆ ಕರ್ವ್ಸ್ ಪದರವನ್ನು ಲ್ಯುಮಿನಾಸಿಟಿ ಮೋಡ್‌ಗೆ ಬದಲಿಸಿದರೆ ಹೊಳಪಷ್ಟೇ ಬದಲಾಗುತ್ತದೆ. ಒಂದು ಕೆನ್ನೆ ನೀಲಿ, ಇನ್ನೊಂದು ಹಳದಿ ಆಗಿದ್ದರೆ ಮಾತ್ರ ತಿದ್ದಲು ಕೂರಬೇಡಿ. ಅಲ್ಲಿ ಕಿಟಕಿ ಬೆಳಕೂ ಬಲ್ಬಿನ ಬೆಳಕೂ ಬೆರೆತಿವೆ. ಬಲ್ಬ್ ಆರಿಸಿ, ಮತ್ತೊಮ್ಮೆ ತೆಗೆಯಿರಿ.

ನಮಸ್ಕಾರ.