ರೋಮಿನ ಹೆಣ್ಣುಮಕ್ಕಳ ಹೆಸರು

ಕೇಳುಗರಿಗೆ ನಮಸ್ಕಾರ.

ಮನೆಗೆ ಮಗು ಬಂತು ಅಂದರೆ ಹೆಸರಿನ ಹುಡುಕಾಟ ಶುರುವಾಗುತ್ತದೆ, ಅಲ್ವಾ? ಯುರೋಪು, ಅಮೆರಿಕದ ಎಷ್ಟೋ ತಂದೆತಾಯಿ ಹೆಸರಿಗಾಗಿ 2000 ವರ್ಷ ಹಿಂದಿನ ರೋಮಿಗೆ ಹೋಗುತ್ತಾರೆ. ಜೂಲಿಯಾ, ಮಾರ್ಕಸ್, ಆಕ್ಟೇವಿಯಾ, ಫೆಲಿಕ್ಸ್. ನಮ್ಮ ಮಂಗಳೂರು ಕಡೆಯ ಕ್ರೈಸ್ತರ ಮನೆಗಳಲ್ಲೂ ಫೆಲಿಕ್ಸ್, ವಿಕ್ಟರ್, ಸಿಸಿಲಿಯಾ ಇದ್ದಾರೆ. ಸಂತರ ಹೆಸರಾಗಿ ಇಗರ್ಜಿಯ ದಾರಿಯಲ್ಲಿ ಬಂದ ಹೆಸರುಗಳು ಇವು. ಬೇರು ಮಾತ್ರ ರೋಮನ್ನರಲ್ಲೇ ಇದೆ.

ರೋಮಿನಲ್ಲಿ ಗಂಡುಮಗುವಿಗೆ 9ನೇ ದಿನ, ಹೆಣ್ಣುಮಗುವಿಗೆ 8ನೇ ದಿನ ಶುದ್ಧಿ ಮಾಡಿ ಹೆಸರಿಡುತ್ತಿದ್ದರು. ಗಂಡುಮಗುವಿನ ಕೊರಳಿಗೆ ಬುಲ್ಲಾ ಎಂಬ ತಾಯಿತ ಬೀಳುತ್ತಿತ್ತು. ಗಂಡುಮಕ್ಕಳಿಗೆ ಸ್ವಂತದ್ದು ಅಂತ ಒಂದು ಹೆಸರು ಸಿಗುತ್ತಿತ್ತು. ಆದರೆ ಬಳಕೆಯಲ್ಲಿದ್ದ ಹೆಸರುಗಳೇ ಕೆಲವು. ದೊಡ್ಡ ಮಾತುಗಾರ ಮಾರ್ಕಸ್ ಟುಲಿಯಸ್ ಸಿಸೆರೊನನ್ನೇ ನೋಡಿ. ಅವನ ತಾತ ಮಾರ್ಕಸ್, ತಂದೆ ಮಾರ್ಕಸ್, ಮಗನೂ ಮಾರ್ಕಸ್.

ಹೆಣ್ಣುಮಕ್ಕಳಿಗೆ ಅಷ್ಟೂ ಇರಲಿಲ್ಲ. ತಂದೆಯ ಕುಲದ ಹೆಸರನ್ನೇ ಹೆಣ್ಣಿಗೆ ಹೊಂದುವಂತೆ ಮಾಡಿ ಇಟ್ಟುಬಿಡುತ್ತಿದ್ದರು. ಜೂಲಿಯಸ್ ಕುಲದ ಹುಡುಗಿ ಜೂಲಿಯಾ, ಕಾರ್ನೀಲಿಯಸ್ ಕುಲದವಳು ಕಾರ್ನೀಲಿಯಾ. ಇಬ್ಬರು ಹುಟ್ಟಿದರೆ ಇಬ್ಬರಿಗೂ ಅದೇ ಹೆಸರು. ಗುರುತಿಗೆ ದೊಡ್ಡವಳು, ಚಿಕ್ಕವಳು ಅಂತ ಸೇರಿಸುತ್ತಿದ್ದರು.

ಚಕ್ರವರ್ತಿ ಅಗಸ್ಟಸ್‌ನ ಅಕ್ಕ ಆಕ್ಟೇವಿಯಾಳ ಮನೆಯಲ್ಲಿ ಇದು ಎದ್ದು ಕಾಣುತ್ತದೆ. ಅವಳಿಗೆ ಬೇರೆ ತಾಯಿಯಲ್ಲಿ ಹುಟ್ಟಿದ ಒಬ್ಬ ಅಕ್ಕ ಇದ್ದಳು. ಅವಳ ಹೆಸರೂ ಆಕ್ಟೇವಿಯಾ. ಮುಂದೆ ಚಿಕ್ಕ ಆಕ್ಟೇವಿಯಾಳಿಗೆ ನಾಲ್ವರು ಹೆಣ್ಣುಮಕ್ಕಳಾದರು. ಮೊದಲ ಗಂಡ ಮಾರ್ಸೆಲಸ್‌ನಿಂದ ಇಬ್ಬರು ಮಾರ್ಸೆಲಾ, ಎರಡನೆಯ ಗಂಡ, ರೋಮಿನ ಸೇನಾನಾಯಕ ಮಾರ್ಕ್ ಆಂಟನಿಯಿಂದ ಇಬ್ಬರು ಆಂಟೋನಿಯಾ. ಆಂಟನಿ ಅವಳನ್ನು ಬಿಟ್ಟು ಈಜಿಪ್ಟಿನ ರಾಣಿ ಕ್ಲಿಯೋಪಾತ್ರಳ ಹಿಂದೆ ಹೋದ. ಅವರಿಬ್ಬರೂ ಸತ್ತ ಮೇಲೆ ಕ್ಲಿಯೋಪಾತ್ರಳ ಮಕ್ಕಳನ್ನೂ ತನ್ನ ಮಕ್ಕಳ ಜೊತೆ ಸಾಕಿದವಳು ಇದೇ ಆಕ್ಟೇವಿಯಾ. ಇಂಥ ಹೆಂಗಸಿನ ಹೆಸರು ಒಂದು ಮಗುವಿಗೆ ಸಿಗುವುದು ನನಗೆ ತುಂಬಾ ಇಷ್ಟ.

ಸೇನಾಪತಿ ಸಿಪಿಯೋ ಆಫ್ರಿಕಾನಸ್‌ನ ಮಗಳು ಕಾರ್ನೀಲಿಯಾಳೂ ಹಾಗೇ. 12 ಮಕ್ಕಳನ್ನು ಹೆತ್ತಳು, ದೊಡ್ಡವರಾದದ್ದು ಮೂವರೇ. ಗಂಡ ಸತ್ತ ಮೇಲೆ ಈಜಿಪ್ಟಿನ ದೊರೆ ಮದುವೆಗೆ ಕೇಳಿದ, ಇವಳು ಒಲ್ಲೆ ಅಂದಳು. ಮಕ್ಕಳನ್ನು ಓದಿಸಿ ಬೆಳೆಸಿದಳು. ಬಡವರಿಗೆ ಭೂಮಿ ಹಂಚಲು ಹೊರಟ ಟೈಬೀರಿಯಸ್ ಮತ್ತು ಗಾಯಸ್ ಗ್ರಾಕ್ಕಸ್ ಅವಳ ಗಂಡುಮಕ್ಕಳು. ಅವಳ ಪ್ರತಿಮೆಯ ಪೀಠ ರೋಮಿನಲ್ಲಿ ಈಗಲೂ ಇದೆ. ಅದರ ಮೇಲೆ ಅವಳನ್ನು ಆಫ್ರಿಕಾನಸ್‌ನ ಮಗಳು, ಗ್ರಾಕ್ಕಸ್ ಸೋದರರ ತಾಯಿ ಎಂದು ಗುರುತಿಸಿದ್ದಾರೆ.

ಹಾಗಾಗಿ ಹೆಸರು ಇಂಪಾಗಿದೆ ಅಂತ ಸುಮ್ನೆ ಆರಿಸಬೇಡಿ. ಅದನ್ನು ಹೊತ್ತು ಬದುಕಿದವರು ಯಾರು ಅಂತ ನೋಡಿ. ನೀರೋ ಕೇಳಲು ಚೆಂದವೇ, ಆದರೆ ತಾಯಿಯನ್ನೇ ಕೊಲ್ಲಿಸಿದ ಚಕ್ರವರ್ತಿಯ ಹೆಸರು ಅದು. ರೋಮನ್ನರೂ ಹೆಸರಿನ ಹಿಂದಿನ ಮನುಷ್ಯನನ್ನು ಮರೆಯುತ್ತಿರಲಿಲ್ಲ. ಅಗಸ್ಟಸ್‌ನ ಎದುರು ಆಂಟನಿ ಸೋತ ಮೇಲೆ, ಅವನ ಕುಲದಲ್ಲಿ ಇನ್ನು ಯಾರಿಗೂ ಮಾರ್ಕಸ್ ಅಂತ ಹೆಸರಿಡಬಾರದು ಎಂದು ರೋಮಿನ ಹಿರಿಯರ ಸಭೆ ಸೆನೆಟ್ ತೀರ್ಮಾನ ಮಾಡಿತ್ತು.

ನನ್ನನ್ನು ಕೇಳಿದರೆ ನಾನು ಟುಲಿಯಾ ಅನ್ನುತ್ತೇನೆ. ಸಿಸೆರೊನ ಮಗಳು. ಅವಳಿಗೂ ಸಿಕ್ಕಿದ್ದು ಟುಲಿಯಸ್ ಕುಲದ ಹೆಸರೇ. ಆದರೆ ಅಪ್ಪ ಪತ್ರಗಳಲ್ಲಿ ಅವಳನ್ನು ಟುಲಿಯೋಲಾ, ಅಂದರೆ ಪುಟ್ಟ ಟುಲಿಯಾ ಎಂದು ಕರೆಯುತ್ತಿದ್ದ. ಕ್ರಿ.ಪೂ. 45ರಲ್ಲಿ, ಹೆರಿಗೆಯಾದ ಸ್ವಲ್ಪ ಕಾಲಕ್ಕೆ ಅವಳು ತೀರಿಕೊಂಡಳು. ಸಿಸೆರೊ ಮನೆ ಬಿಟ್ಟು ಹೋಗಿ ಒಬ್ಬನೇ ಕೂತು ಬರೆಯತೊಡಗಿದ. ಅವಳಿಗೆ ಒಂದು ಗುಡಿ ಕಟ್ಟಿಸಬೇಕು ಎಂದು ಜಾಗ ಹುಡುಕಿದ. ಜೂಲಿಯಾ, ಕ್ಲಾಡಿಯಾಗಳಷ್ಟು ಈ ಹೆಸರು ಜಾಸ್ತಿ ಕೇಳಿಬರುವುದಿಲ್ಲ. ಕರೆಯಲೂ ಸುಲಭ. ಹೊರದೇಶದಲ್ಲಿರುವ ನಿಮ್ಮ ಮಕ್ಕಳೋ ನೆಂಟರೋ ಇಂಥ ಹೆಸರು ಹುಡುಕುತ್ತಿದ್ದರೆ ಇದನ್ನೊಮ್ಮೆ ಹೇಳಿ ನೋಡಿ.

ನಮಸ್ಕಾರ.